ಕಿವಿಗಷ್ಟೇ ಹೇಳಿದ ಎಚ್ಚರಿಕೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಸೇನಾಪತಿಗೆ,

ಉಗ್ರಾಣಿಯ ನಮಸ್ಕಾರ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಆ ಸಾಲನ್ನು ಬಿಟ್ಟಿದ್ದೇನೆ. ಮಗಳು ಗುಬ್ಬಿ ಮಲಗಿದ್ದಾಳೆ. ಅತ್ತೆ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾರೆ. ನಾನೂ ಮಲಗಬೇಕಿತ್ತು, ಆದರೆ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಮರಳು ಸುರಿದ ಹಾಗಾಗುತ್ತದೆ.

ಹೊಸ ಗೇಮ್ ಹೇಗಿದೆ ಎಂದು ನೀನು ಕೇಳಿ ಎಷ್ಟು ದಿನವಾಯಿತು! “ಸತ್ತಿದ್ದೀಯೋ ಬದುಕಿದ್ದೀಯೋ, ಎರಡು ಸಾಲು ಬರೆಯೋಕೆ ಏನು ರೋಗ” ಎಂದೂ ಕೇಳಿದೆ. ಪ್ರತಿ ಸಲ ನಗುವ ಮುಖವೊಂದನ್ನು ಕಳಿಸಿ ಸುಮ್ಮನಾದೆ. ಇವತ್ತು ಕಾಗದ ಹಿಡಿದಿದ್ದೇನೆ. ಮೆಸೇಜಾದರೆ ನಾನು ಅರ್ಧ ಬರೆಯುವಷ್ಟರಲ್ಲಿ ನಿನ್ನ ಪ್ರಶ್ನೆ ಬಂದು ಬೀಳುತ್ತದೆ. ಕಾಗದ ಎದುರು ಮಾತಾಡುವುದಿಲ್ಲ.

ಹಾಗಾದರೆ ಕೇಳು ನನ್ನ ಅಭಿಪ್ರಾಯ. ಚಿತ್ರ ಚೆನ್ನಾಗಿದೆ. ಪಾಳುಕೋಟೆಯ ಕಲ್ಲುಗಳ ಮೇಲೆ ಪಾಚಿ ಹಿಡಿದಿರುವುದನ್ನು ಒಂದೊಂದಾಗಿ ಬಿಡಿಸಿದ್ದಾರೆ. ಕತ್ತಿ ಬೀಸಿದಾಗ ಭಾರವೂ ಗೊತ್ತಾಗುತ್ತದೆ. ಕಥೆ ಮಾತ್ರ ಅದೇ ಹಳೆಯದು, ಕಿರೀಟ ಕಳೆದುಕೊಂಡ ರಾಜ, ಅದನ್ನು ಹುಡುಕಲು ನಮ್ಮಂಥ ಬಿಟ್ಟಿ ಆಳುಗಳು. ಮದ್ದಿನ ಶೀಶೆಗಳನ್ನು ಧಾರಾಳವಾಗಿ ಕೊಡುತ್ತಾರೆ. ನಾನು ಎಂದಿನಂತೆ ಒಂದನ್ನೂ ಕುಡಿಯದೆ ಚೀಲ ತುಂಬಿಸಿಕೊಂಡಿದ್ದೇನೆ. ನೀನು ನನಗೆ ಉಗ್ರಾಣಿ ಎಂದು ಹೆಸರಿಟ್ಟದ್ದೇ ಇದಕ್ಕಲ್ಲವೇ? “ಪ್ರಾಣ ಹೋಗ್ತಿದ್ರೂ ಮದ್ದು ಕುಡಿಯಲ್ಲ, ಮುಂದೆ ಬೇಕಾಗುತ್ತೆ ಅಂತಾಳೆ. ಮುಂದೆ ಅಂದ್ರೆ ಯಾವಾಗ, ನಿನ್ನ ತಿಥಿಗಾ?” ಎಂದು ಬೈಯುತ್ತಿದ್ದೆ. ನೀನೋ, ಕೈಯಲ್ಲಿ ಒಂದೇ ಶೀಶೆಯಿದ್ದರೂ ಬಾಗಿಲು ಒದ್ದು ಒಳಗೆ ನುಗ್ಗುವವಳು.

ಯುದ್ಧತಂತ್ರದ ಗೇಮ್‌ಗಳೇ ಇದಕ್ಕಿಂತ ಪ್ರಾಮಾಣಿಕ ಎಂಬ ನನ್ನ ಹಳೆಯ ವಾದವನ್ನು ಈಗಲೂ ಬಿಟ್ಟಿಲ್ಲ. ಅಲ್ಲಿ ಮ್ಯಾಪಿನ ಮೇಲೆ ಮಂಜು ಕವಿದಿರುತ್ತದೆ, ಒಳಗೇನಿದೆಯೋ ತಿಳಿಯದು ಎಂದು ಮೊದಲೇ ಹೇಳಿಬಿಡುತ್ತಾರೆ. ತಿಳಿಯಬೇಕಾದರೆ ಒಬ್ಬ ಸವಾರನನ್ನು ಕಳಿಸಬೇಕು. “ಮಂಜಿನಲ್ಲಿ ಕಾಣೋದಿಲ್ಲ ಅಂದ್ರೆ ಶತ್ರು ಇಲ್ಲ ಅಂತಲ್ಲ, ಮೊದಲು ಸವಾರನ್ನ ಕಳಿಸು” ಎಂದು ನಿನ್ನ ತಲೆ ತಿಂದವಳು ನಾನೇ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ನನ್ನ ಮುಖಕ್ಕೆ ಎಸೆಯಲು ಬೇಕಾಗುತ್ತದೆ.

ಈ ಗೇಮಿನ ಮೇಲೆ ನನ್ನ ದೊಡ್ಡ ತಕರಾರು ಗುಹೆಯದು. ಅಲ್ಲೊಂದು ಮೃಗವಿದೆ. ಕತ್ತಲಲ್ಲಿ ಕಾಣುವುದಿಲ್ಲ, ಉಸಿರಾಡುವ ಸದ್ದು ಮಾತ್ರ ಕೇಳುತ್ತದೆ. ಎಡಗಡೆಯಿಂದ ಉಸಿರು ಬಂದರೆ ಬಲಕ್ಕೆ ಹಾರಬೇಕು. ತೆರೆಯ ಮೇಲೆ ಒಂದು ಅಕ್ಷರವಿಲ್ಲ, ಒಂದು ಬಾಣದ ಗುರುತಿಲ್ಲ. ಕೇಳದವರು ಸಾಯಬೇಕು, ಅಷ್ಟೇ. ಎಚ್ಚರಿಕೆಯನ್ನು ಕಿವಿಗಷ್ಟೇ ಹೇಳುವ ಗೇಮ್ ಕೆಟ್ಟ ಗೇಮ್ ಎಂದು ನಾವಿಬ್ಬರೂ ಎಷ್ಟು ಕಂಪನಿಗಳಿಗೆ ಜಗಳದ ಪತ್ರ ಬರೆದಿದ್ದೇವೆ! ಉತ್ತರ ಬಾರದಿದ್ದಾಗ ನಾವೇ ದಾರಿ ಕಂಡುಕೊಂಡೆವು. ನಿನ್ನ ಸೋಫಾದಲ್ಲಿ ಅಂಟಿಕೊಂಡು ಕೂತು, ಎಡಕ್ಕೆ ಸದ್ದಾದರೆ ನಾನು ನಿನ್ನ ಎಡ ಮಂಡಿ ತಟ್ಟುವುದು, ಬಲಕ್ಕಾದರೆ ಬಲ ಮಂಡಿ. ಕಾಲೇಜಿನ ಕಾಲದಿಂದ ಹಾಗೇ ಆಡಿದೆವು. ಕಿವಿ ಕೇಳುವ ಎಷ್ಟೋ ಜನ ಸತ್ತ ಗುಹೆಗಳಿಂದ ಕಿವಿ ಕೇಳದ ನೀನು ಮೀಸೆ ತಿರುವುತ್ತಾ ಹೊರಗೆ ಬಂದೆ. ಇಲ್ಲದ ಮೀಸೆಯನ್ನು!

ಮಂಡಿ ತಟ್ಟುವ ಆಟ ಈಗ ಗುಬ್ಬಿಗೂ ಹಿಡಿಸಿದೆ. ತೊಡೆಯ ಮೇಲೆ ಕೂರಿಸಿಕೊಂಡು ಎಡ ತಟ್ಟಿದರೆ ಎಡಕ್ಕೆ ನೋಡುತ್ತಾಳೆ, ಅಲ್ಲಿ ಕೆಂಪು ಚೆಂಡು ಇರುತ್ತದೆ. ಬಲ ತಟ್ಟಿದರೆ ಬಲಕ್ಕೆ. ನಕ್ಕರೆ ಕೆಳಗಿನ ಎರಡು ಹಲ್ಲು ಕಾಣುತ್ತವೆ.

ಹೇಳಬೇಕಾದದ್ದನ್ನು ಬಿಟ್ಟು ಊರೆಲ್ಲ ಸುತ್ತುತ್ತಿದ್ದೇನೆ. ಸರಿ, ಹೇಳುತ್ತೇನೆ.

ಆ ಗುಹೆಯ ಕೊನೆಗೆ ಮೃಗ ಗರ್ಜಿಸುತ್ತದೆ. ಒಂದು ದಿನ ಅಲ್ಲಿಗೆ ಬಂದಾಗ ನನ್ನ ಮೊಣಕೈ ತಾಗಿ ಹೆಡ್‌ಫೋನಿನ ವೈರು ಕಿತ್ತು ಬಂತು. ಸ್ಪೀಕರು ಪೂರಾ ದನಿಯಲ್ಲಿತ್ತು. ಗರ್ಜನೆಗೆ ಕಪಾಟಿನ ಗಾಜು ನಡುಗಿತು, ಅತ್ತೆ “ಅಯ್ಯೋ ಏನಾಯ್ತೇ!” ಎಂದು ಕೈಯಲ್ಲಿದ್ದ ಪಾತ್ರೆ ಬಿಟ್ಟರು. ಪಕ್ಕದಲ್ಲೇ ಚಾಪೆಯ ಮೇಲೆ ಗುಬ್ಬಿ ಎಚ್ಚರವಾಗಿ ಮಲಗಿದ್ದಳು. ಫ್ಯಾನು ನೋಡುತ್ತಿದ್ದಳು. ಫ್ಯಾನನ್ನೇ ನೋಡುತ್ತಿದ್ದಳು, ಸೇನಾಪತಿ. ರೆಪ್ಪೆಯೂ ಅಲುಗಲಿಲ್ಲ.

ಅತ್ತೆ ಓಡಿಬಂದು ಮಗುವನ್ನು ನೋಡಿ ಹಿಗ್ಗಿದರು. “ಎಂಥಾ ಗಟ್ಟಿ ಕೂಸು! ಬೇರೆ ಮಕ್ಕಳಾಗಿದ್ರೆ ಊರು ಒಂದು ಮಾಡಿರೋವು” ಎಂದರು. ಮೊದಲಿನಿಂದಲೂ ಅವರಿಗೆ ಅದೇ ಹೆಮ್ಮೆ. ಮೇಲಿನ ಮನೆಯವರು ಮಂಚ ಎಳೆದಾಡಿದರೂ ಏಳುವುದಿಲ್ಲ, ಕುಕ್ಕರ್ ಕೂಗಿದರೂ ಏಳುವುದಿಲ್ಲ, ಇಂಥ ಸಾಧು ಮಗುವನ್ನು ಹೆತ್ತ ನೀನು ಪುಣ್ಯವಂತೆ ಎಂದು ಬಂದವರೆಲ್ಲರ ಮುಂದೆ ಹೇಳುತ್ತಾರೆ. ಒಬ್ಬೊಬ್ಬರು ಹೊಗಳಿದಾಗಲೂ ನಾನು ಏನಾದರೊಂದು ನೆಪ ಹೇಳಿ ಒಳಗೆ ಎದ್ದುಹೋಗುತ್ತೇನೆ.

ಹುಟ್ಟಿದಾಗ ಆಸ್ಪತ್ರೆಯಲ್ಲಿ ಕಿವಿ ನೋಡುವ ಯಂತ್ರ ಕೆಟ್ಟಿತ್ತು. ಆಮೇಲೆ ಬನ್ನಿ ಎಂದಿದ್ದರು, ನಾವು ಹೋಗಲಿಲ್ಲ. ಈಚೆಗೆ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರು ನನ್ನ ತೊಡೆಯ ಮೇಲಿದ್ದ ಗುಬ್ಬಿಯ ಹಿಂದೆ ಎಡಗಡೆಗೆ ನಿಂತು ಸಣ್ಣ ಗಂಟೆಯೊಂದನ್ನು ಬಾರಿಸಿದರು. ಅವಳು ಎಡಕ್ಕೆ ತಿರುಗಿದಳು. “ಕಿವಿ ಚುರುಕಾಗಿದೆಯಮ್ಮಾ, ಸುಮ್ಸುಮ್ನೆ ಹೆದರ್ಕೋಬೇಡಿ” ಎಂದರು. ನನ್ನವರು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಮನೆಗೆ ಬಂದರು.

ಆದರೂ ಮೊನ್ನೆ ಸಂಜೆ ನಾನು ಸ್ನಾನ ಮುಗಿಸಿ ಬರುವಾಗ ಕಂಡದ್ದೇನು ಗೊತ್ತೇ? ಇವರು ಗುಬ್ಬಿಯ ಬೆನ್ನ ಹಿಂದೆ ಮಂಡಿಯೂರಿ ಕೂತಿದ್ದರು. ಇವರ ಲಿಫ್ಟ್ ರಿಪೇರಿ ಕೆಲಸದ ಕೀ ಗೊಂಚಲನ್ನು ನೀನು ನೋಡಿದ್ದೀಯಲ್ಲ, ಬೀದಿಯ ಕೊನೆಯಲ್ಲಿದ್ದರೂ ಅದರ ಸದ್ದಿಗೇ ಇವರು ಬಂದರೆಂದು ನಮಗೆ ತಿಳಿಯುತ್ತದೆ. ಅದನ್ನು ಅವಳ ತಲೆಯ ಹಿಂದೆ ಹಿಡಿದು ಅಲ್ಲಾಡಿಸುತ್ತಿದ್ದರು. ಅವಳು ಚೆಂಡು ಚೀಪುತ್ತಿದ್ದಳು. ನನ್ನನ್ನು ನೋಡಿದ್ದೇ ಗೊಂಚಲನ್ನು ಜೇಬಿಗೆ ಸೇರಿಸಿ, “ಸ್ಟೋರ್ ರೂಮಿನ ಕೀ ಹುಡುಕ್ತಿದ್ದೆ” ಎಂದರು. “ಸಿಕ್ತಾ?” ಎಂದು ಕೇಳಿದೆ. “ಸಿಕ್ತು” ಎಂದರು. ಊಟ ಮಾಡಿದೆವು.

ಗೇಮ್ ಶುರುವಾಗುವ ಮುನ್ನ ನಮ್ಮ ಪಾತ್ರವನ್ನು ಕಟ್ಟಿಕೊಳ್ಳುತ್ತೇವಲ್ಲ, ಬಲಕ್ಕೆ ಇಷ್ಟು ಅಂಕ, ಬುದ್ಧಿಗೆ ಇಷ್ಟು ಎಂದು? ಕೆಲವು ಗೇಮ್‌ಗಳಲ್ಲಿ ಒಂದು ಕೊರತೆಯನ್ನು ನಾವಾಗಿ ಆರಿಸಿಕೊಂಡರೆ ಎರಡು ಅಂಕ ಹೆಚ್ಚಿಗೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಕಿವುಡು ಎಂಬುದನ್ನು ನೋಡಿ ನೀನು, “ನಾನು ಹುಟ್ಟಿದಾಗಿಂದ ಹಾಗೇ ಇದ್ದೀನಿ, ನನ್ನ ಎರಡು ಪಾಯಿಂಟ್ ಯಾರು ನುಂಗಿದ್ರು?” ಎಂದಿದ್ದೆ. ನಕ್ಕೂ ನಕ್ಕೂ ನನ್ನ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತ್ತು. ಈ ಹೊಸ ಗೇಮಿನಲ್ಲೂ ಅದೇ ಪಟ್ಟಿ ಇದೆ. ಈ ಸಲ ಅದರ ಮುಂದೆ ಕೂತವಳು ಏಳಲಾರದೆ ಕೂತೇ ಇದ್ದೆ.

ಇನ್ನು ಬರೆಯುವುದನ್ನು ಓದಿ ನೀನು ಕಾಗದ ಹರಿದು ಹಾಕಿದರೂ ಸರಿಯೇ. ನಿನಗೆ ಏನು ಕಮ್ಮಿ ಎಂದು ನಿನ್ನ ತಮ್ಮನೊಡನೆ ಬೀದಿಯಲ್ಲಿ ನಿಂತು ಜಗಳವಾಡಿದವಳು ನಾನು. ನಿನ್ನ ಪ್ರೆಸ್ಸಿನಲ್ಲಿ ಯಂತ್ರಗಳ ಅಬ್ಬರಕ್ಕೆ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡು ಮುಖ ಕಿವುಚುವಾಗ ನೀನೊಬ್ಬಳು ಮಹಾರಾಣಿಯಂತೆ ಕೂತು ಪ್ರೂಫ್ ತಿದ್ದುವುದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ನಾನು. ಅದೇ ನಾನು, ನನ್ನ ಮಗು ನಿನ್ನ ಹಾಗೆ ಆಗದಿರಲಿ ಎಂದು ಹಾಸಿಗೆಯಲ್ಲಿ ಕೂತು ಬೇಡಿಕೊಳ್ಳುತ್ತಿದ್ದೇನೆ.

ಈ ಸಾಲು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡಿದ್ದೇನೆ.

ನೀನೇ ಹೇಳಿದ ಕಥೆಗಳು ನನ್ನನ್ನು ಹೆದರಿಸುತ್ತಿವೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ನಿನಗೆ ಪಾಠವೇ ನಿಂತುಹೋಗುತ್ತಿತ್ತು. ಹಿಂದಿನಿಂದ ಬಂದ ಲಾರಿಯ ಗಾಳಿ ಬೆನ್ನಿಗೆ ಬಡಿದ ಮೇಲೆ ನಿನಗೆ ಲಾರಿ ಎಂದು ತಿಳಿಯಿತು. ಆಗೆಲ್ಲ ನಗುತ್ತಾ ಕೇಳಿದ್ದೆ, ನೀನು ನಗಿಸುತ್ತಾ ಹೇಳಿದ್ದೆ. ಈಗ ಆ ಲಾರಿ ದಿನವೂ ಬರುತ್ತದೆ. ಅದರ ಮುಂದೆ ಎರಡು ಹಲ್ಲಿನ ಹುಡುಗಿಯೊಬ್ಬಳು ನಡೆಯುತ್ತಿರುತ್ತಾಳೆ.

ಮಗು ನೋಡಲು ಬರುತ್ತೇನೆ ಎಂದು ನೀನು ಹೇಳಿದಾಗೆಲ್ಲ ಅವಳಿಗೆ ನೆಗಡಿ ಎಂದೆನಲ್ಲ, ನೆಗಡಿಯಿರಲಿಲ್ಲ. ಒಂದು ಸಲ ನೋಡಿದರೆ ನಿನಗೆ ತಿಳಿದುಬಿಡುತ್ತದೆ. ಅವಳು ತುಟಿ ನೋಡುವ ರೀತಿ, ಬಾಗಿಲು ತೆರೆದಾಗ ಗಾಳಿಗೆ ತಿರುಗುವ ರೀತಿ ನಿನ್ನದೇ. ಮಂಜಿನೊಳಕ್ಕೆ ಸವಾರನನ್ನು ಕಳಿಸು ಎಂದು ಉಪದೇಶ ಮಾಡುತ್ತಿದ್ದವಳು, ಮನೆ ಬಾಗಿಲಿಗೆ ಬರುತ್ತೇನೆಂದ ಸವಾರಳಿಗೇ ಅಗಳಿ ಹಾಕಿದೆ.

ಬುಧವಾರ, ಬೆಳಿಗ್ಗೆ

ನಿನ್ನೆ ಗುಬ್ಬಿ ಎದ್ದಳು, ಅಲ್ಲಿಗೇ ನಿಲ್ಲಿಸಿದ್ದೆ. ಸಂಜೆ ಇವರು ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಕೇಳಿದೆ, ಮೊನ್ನೆ ಸ್ಟೋರ್ ರೂಮಿನ ಕೀ ನಿಜವಾಗಿ ಸಿಕ್ಕಿತೇ ಎಂದು. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. “ನಮ್ಮಲ್ಲಿ ಸ್ಟೋರ್ ರೂಮೇ ಇಲ್ವಲ್ಲೇ” ಎಂದರು. ಆಮೇಲೆ ಇಬ್ಬರೂ ಅಲ್ಲೇ ಹೊಸ್ತಿಲಲ್ಲಿ ಕೂತೆವು. ಅವರಿಗೂ ಗುಮಾನಿ ಬಂದು ಬಹಳ ದಿನವಾಗಿದೆಯಂತೆ, ನನಗೆ ಹೇಳಿದರೆ ಎಲ್ಲಿ ಒಡೆದುಹೋಗುತ್ತೇನೋ ಎಂದು ಸುಮ್ಮನಿದ್ದರಂತೆ. “ಡಾಕ್ಟರ್ ಗಂಟೆ ಹೊಡೆದಾಗ ತಿರುಗಿದ್ಲಲ್ಲ, ಆದ್ರೆ ನನ್ನ ಕೀಗೆ ಯಾಕೆ ತಿರುಗಲ್ಲ?” ಎಂದು ಕೇಳಿದರು. ನಾನು ಗುಬ್ಬಿಯನ್ನು ನೋಡುವ ನೆಪದಲ್ಲಿ ಒಳಗೆ ಎದ್ದುಹೋದೆ. ಅತ್ತೆಗೆ ಇನ್ನೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಕಿವಿ ಪರೀಕ್ಷೆಯ ಕೇಂದ್ರಕ್ಕೆ ಫೋನು ಮಾಡಿದೆ. ಶುಕ್ರವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಹೊರಗಿನ ಸದ್ದು ಒಳಬಾರದ ಪುಟ್ಟ ಕೋಣೆಯಂತೆ, ಒಂದು ಕಡೆ ಗಾಜು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬರು ಕೂರಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸದ್ದು ಮಾಡಿ ಅವಳು ತಿರುಗುತ್ತಾಳೋ ಇಲ್ಲವೋ ನೋಡುತ್ತಾರೆ. ಯಂತ್ರದ ಪರೀಕ್ಷೆ ಆಮೇಲೆ, ಇದರಲ್ಲಿ ಏನು ಕಂಡಿತು ಎಂಬುದರ ಮೇಲೆ. ಕೂತವರು ಮಾತ್ರ ಗೊಂಬೆಯ ಹಾಗಿರಬೇಕು ಎಂದು ಫೋನಿನಲ್ಲಿ ಮಾತಾಡಿದಾಕೆ ಎರಡೆರಡು ಸಲ ಹೇಳಿದಳು. “ತಾಯಂದಿರೇ ನಮಗೆ ಕಷ್ಟ ಕೊಡೋದು ನೋಡಿ” ಎಂದು ನಕ್ಕಳು. ನಾನು ಫೋನನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ತೊಡೆಯಡಿಗೆ ಸೇರಿಸಿಕೊಂಡೆ.

ಗೇಮ್ ಬಗ್ಗೆ ಕೊನೆಯ ಮಾತು: ನೀನು ಕೊಂಡುಕೊಳ್ಳಬೇಡ. ಗುಹೆಯವರೆಗೆ ಚೆನ್ನಾಗಿದೆ, ಗುಹೆಯಲ್ಲಿ ನಿನ್ನ ಮಂಡಿ ತಟ್ಟಲು ನಾನು ಪಕ್ಕದಲ್ಲಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮಧ್ಯಾಹ್ನ ಗುಬ್ಬಿಯನ್ನು ಎತ್ತಿಕೊಂಡು ಪ್ರೆಸ್ಸಿನ ಬಾಗಿಲಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದುವಾಗ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ, ಅವಳ ಮುಖ ನೋಡುತ್ತಾ ನಿಂತಿರುತ್ತೇನೆ.

ಹೆದರುಪುಕ್ಕಲಿ,
ನಿನ್ನ ಉಗ್ರಾಣಿ

ಮರುಬರಹ: ಇದು ಮರೆತುಹೋಗಿ ಕೆಳಗೆ ಬಂದದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಇಲ್ಲಿಗೆ ತಳ್ಳಿದ್ದು. ಡಾಕ್ಟರು ಗಂಟೆ ಬಾರಿಸಿದಾಗ ಗುಬ್ಬಿ ತಿರುಗಿದ್ದು ಗಂಟೆಗಲ್ಲ. ಹೊದಿಕೆಯ ಅಡಿಯಲ್ಲಿ ನಾನು ಅವಳ ಎಡ ಮಂಡಿ ತಟ್ಟಿದೆ. ಬೇಕೆಂದೇ ತಟ್ಟಿದೆನೋ, ಸದ್ದು ಕೇಳಿ ಕೈ ತಾನಾಗಿ ಹೋಯಿತೋ ಎಷ್ಟು ಯೋಚಿಸಿದರೂ ತಿಳಿಯದು. ತಿರುಗಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದು ಮಾತ್ರ ಬೇಕೆಂದೇ. ನಿನ್ನೆ ಹೊಸ್ತಿಲಲ್ಲಿ ಕೂತಾಗಲೂ ಇವರಿಗೆ ಇದೊಂದನ್ನು ಹೇಳಲಾಗಲಿಲ್ಲ. ಶುಕ್ರವಾರವೂ ನನ್ನ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಇವರನ್ನು ಕೂರಿಸಿದರೆ ಸದ್ದು ಬಂದ ಕಡೆ ಮೊದಲು ಇವರ ತಲೆಯೇ ತಿರುಗುತ್ತದೆ. ಗುಬ್ಬಿ ನಿನ್ನ ತೊಡೆಯ ಮೇಲೆ ಕೂರಲಿ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯದೆ, ಅವಳಿಗೆ ಮೋಸ ಮಾಡದೆ ಹಿಡಿದುಕೊಳ್ಳಲು ನನಗೆ ಗೊತ್ತಿರುವವರಲ್ಲಿ ನಿನ್ನೊಬ್ಬಳಿಂದಲೇ ಸಾಧ್ಯ. ನಾನು ಗಾಜಿನ ಈಚೆಗೆ ಕೈ ಕಟ್ಟಿಕೊಂಡು ನಿಂತಿರುತ್ತೇನೆ. ಬರುತ್ತೀಯಾ?