ಒಂದೇ ಉಗ್ರಾಣ ಯಾಕೆ ಬೇಕು

ಭಾವನವರಿಗೆ ನಮಸ್ಕಾರ.

ನಮ್ಮ ಆಸ್ಪತ್ರೆಯ ಮಾಹಿತಿಯೆಲ್ಲ ಒಂದೇ ಡೇಟಾ ಉಗ್ರಾಣದಲ್ಲಿರಬೇಕೋ, ವಿಭಾಗಕ್ಕೊಂದು ಡೇಟಾ ಮಾರ್ಟ್, ಅಂದರೆ ಅವರವರ ಮಾಹಿತಿ ಮಾತ್ರ ಇರುವ ಸಣ್ಣ ಕಣಜ, ಸಾಕೋ ಎಂದು ನಾಳಿನ ಸಭೆ ತೀರ್ಮಾನಿಸಲಿದೆ. "ಸರ್ಜರಿ ವಿಭಾಗದ್ದು ನಮ್ಮ ಹತ್ರಾನೇ ಇರ್ಲಿ ಬಿಡಮ್ಮ, ಕೆಲಸ ಬೇಗ ಆಗುತ್ತೆ" ಎಂದು ನೀವು ಮೂರು ಸಲ ಹೇಳಿದಿರಿ. ಮೂರನೆಯ ಸಲ ನನಗೆ ಅನುಮಾನ ಬಂತು.

ನಿಮ್ಮ ಪಟ್ಟಿಯನ್ನೂ ತುರ್ತು ವಿಭಾಗದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನೀವು 'ಗುಣಮುಖ' ಎಂದು ಬರೆದ ಹನ್ನೊಂದು ಜನ ವಾರದೊಳಗೆ ಹೊಲಿಗೆಯಲ್ಲಿ ಕೀವು ತುಂಬಿಕೊಂಡು ಅಲ್ಲಿಗೆ ಬಂದಿದ್ದಾರೆ. ಎಲ್ಲರಿಗೂ ಆಪರೇಷನ್ ಆದದ್ದು ಎರಡನೆಯ ಕೊಠಡಿಯಲ್ಲೇ. ನಿಮಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಅಕ್ಕನ ಆಪರೇಷನ್ನನ್ನು ನೀವು ಬೇರೆ ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದೀರಿ.

ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ. ಆದರೆ ಸಭೆಗೂ ಮೊದಲು, ನಾಳೆ ಬೆಳಿಗ್ಗೆ, ಅದೇ ಕೊಠಡಿಯಲ್ಲಿ ಆಪರೇಷನ್‌ಗೆ ಆರು ಜನರ ಹೆಸರಿದೆ. ದಯವಿಟ್ಟು ಅವರನ್ನೂ ಬೇರೆ ಕಡೆ ಕಳಿಸಿ.

ನಿಮ್ಮ ನಾದಿನಿ,
ದಾಖಲೆ ವಿಭಾಗ