ಎಲೆಯಿಲ್ಲದ ಪೆಟ್ಟಿಗೆ

ಪ್ಯಾಕಿಂಗ್ ಶೆಡ್ಡು,
ಮಂಗಳವಾರ, ಊಟದ ಬಿಡುವು

ದೂರದಲ್ಲಿರುವ ನನ್ನ ಅಮ್ಮಾ,

ಅವರು ನಿನ್ನ ಮುಖವನ್ನು ಕೊಂಡೊಯ್ದು ನಿನ್ನ ಬಾಯಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಇದು ಅನ್ಯಾಯ. ಮೊದಲು ಇದನ್ನು ಹೇಳಿ, ಆಮೇಲೆ ನೀನು ಹೇಗಿದ್ದೀಯ ಎಂದು ಕೇಳುತ್ತೇನೆ.

ರಫ್ತು ಉತ್ತೇಜನ ಕಚೇರಿಯವರು ಹೊಸ ಕರಪತ್ರ ಅಚ್ಚು ಹಾಕಿಸಿದ್ದಾರೆ. ಮುಖಪುಟದಲ್ಲಿ ನೀನು. ಹೊರದೇಶದ ಮೇಳದ ಮಳಿಗೆಯಲ್ಲಿ, ಯಾರದೋ ಮಡಿಕೆ ಮುರಿಯದ ಹಸಿರು ಶಾಲು ಹೊದ್ದು, ಜನ್ಮದಲ್ಲಿ ಹೊರದ ಬೆತ್ತದ ಬುಟ್ಟಿಯಲ್ಲಿ ದಾಳಿಂಬೆ ಹಿಡಿದು ನಗುತ್ತಿದ್ದೀಯ. ನಾವು ಹೊರುವುದು ಅಂಚು ಒಡೆದ ಪ್ಲಾಸ್ಟಿಕ್ ಕ್ರೇಟು ಎಂದು ಅವರಿಗೆ ಗೊತ್ತಿಲ್ಲವೇ? ಕೊಳ್ಳಲು ಬಂದವರ ಜೊತೆ ಮಾತು ಕಚೇರಿಯವರದಂತೆ, ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕಂತೆ. ಫೋನಿನಲ್ಲಿ ನೀನು ಇದನ್ನು ನಗುತ್ತ ಹೇಳಿದೆ. ನನಗೆ ನಗು ಬರಲಿಲ್ಲ.

ಚಿಕ್ಕಮ್ಮ ಆ ಕರಪತ್ರವನ್ನು ಶೆಡ್ಡಿನ ಕಂಬಕ್ಕೆ ಅಂಟಿಸಿದ್ದಾಳೆ. ಅಕ್ಕ ಎಷ್ಟು ಚೆನ್ನಾಗಿ ಕಾಣ್ತಾಳೆ, ನೀನು ನೋಡಿದ್ರೆ ಮೂತಿ ಉಬ್ಬಿಸ್ಕೊಂಡು ನಿಂತಿದ್ದೀಯಲ್ಲೇ, ಅಂತ ಬೈದಳು. ನಾನು ಶ್ರಮದ ಘನತೆ, ಪ್ರದರ್ಶನದ ರಾಜಕೀಯ ಅಂತ ಶುರು ಮಾಡಿದೆ. ಸಾಕು ಕಣೇ, ನಿನ್ನ ತೆಳು ಪುಸ್ತಕ ಮಡಚಿಟ್ಟು ಹಣ್ಣು ಒರೆಸು, ಅಂದಳು. ಒರೆಸಿದೆ.

ನಿನ್ನನ್ನು ಅಲ್ಲಿಗೆ ಕಳಿಸಿದ್ದು ಒಂದು ಲೆಕ್ಕದಲ್ಲಿ ನಾನೇ. ಪ್ರತಿ ಸಲವೂ ಮೇಳಕ್ಕೆ ಸಗಟು ವ್ಯಾಪಾರಿಯ ಭಾವಮೈದನೇ ಹೋಗಿ ಬರುತ್ತಿದ್ದ. ಸರ್ಕಾರ ಟಿಕೆಟ್ ಕೊಡುವುದು ಬೆಳೆಗಾರರ ಹೆಸರಿನಲ್ಲಿ, ಹಾಗಾದರೆ ಬೆಳೆದವರೇ ಹೋಗಬೇಕು ಎಂದು ಕಚೇರಿಯ ಮೆಟ್ಟಿಲ ಮೇಲೆ ರಟ್ಟಿನ ಫಲಕ ಹಿಡಿದು ಕೂತವಳು ನಾನು. ಹೋರಾಟ ಗೆದ್ದಿತು. ಅವರು ನಿನ್ನನ್ನು ಆರಿಸಿದರು. ಗೆದ್ದವರು ಮನೆಗೆ ಬಂದು ಅಮ್ಮನ ಖಾಲಿ ಮಂಚ ನೋಡಬೇಕಾಗುತ್ತದೆ ಎಂದು ನಾನು ಓದಿದ ಯಾವ ಕಿರುಹೊತ್ತಿಗೆಯಲ್ಲೂ ಬರೆದಿರಲಿಲ್ಲ.

ಮನೆಯಲ್ಲಿ ಎಲ್ಲ ಸರಿಯಾಗಿದೆ. ಅಡುಗೆ ಮಾತ್ರ ಈಗಲೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ, ಮಿಕ್ಕಿದ್ದು ಚಿಕ್ಕಮ್ಮನ ಪಾಲು. ನಿನ್ನ ಹಳೇ ಚಪ್ಪಲಿ ಬಾಗಿಲ ಹತ್ತಿರವೇ ಇದೆ. ಮೊನ್ನೆ ಅದನ್ನು ಹಾಕಿಕೊಂಡು ಬೀದಿಯ ತಿರುವಿನವರೆಗೆ ಹೋಗಿ ಬಂದೆ. ಬಿಟ್ಟಲ್ಲೇ ಬಿಟ್ಟರೆ ಚರ್ಮ ಒಣಗಿ ಬಿರುಕು ಬಿಡುತ್ತದಲ್ಲ, ಅದಕ್ಕೆ.

ಭಾನುವಾರ ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಎರಡನೇ ಮೇಳ ಮುಗಿಯೋವರೆಗೂ ಇರಿ ಅಂತಿದ್ದಾರೆ, ನೀನು ಬಾ ಅಂದ್ರೆ ಈಗಲೇ ಹೊರಟುಬಿಡ್ತೀನಿ ಕಣೇ, ಅಂತ ನೀನಂದೆ. ಲೈನು ಸರಿಯಿಲ್ಲ ಎಂದು ನಾನು ಫೋನಿಟ್ಟೆ. ಲೈನು ಸರಿಯಾಗಿಯೇ ಇತ್ತು.

ಇವತ್ತು ಬೆಳಿಗ್ಗೆ ಎರಡನೇ ಮೇಳಕ್ಕೆ ನಿನ್ನ ಮಳಿಗೆಗೆ ಹೋಗುವ ಸರಕು ತುಂಬಿದೆವು. ಕಚೇರಿಯಿಂದ ಕೈಗವಸು ಸಾಹೇಬರು ಬಂದಿದ್ದರು. ಕೈಗವಸು ಹಾಕದೆ ಬಾಗಿಲ ಚಿಲಕವನ್ನೂ ಮುಟ್ಟದವರಾದ್ದರಿಂದ ಚಿಕ್ಕಮ್ಮ ಇಟ್ಟ ಹೆಸರು ಅದು. ವಿಮಾನದ ಅರ್ಧ ಬಾಡಿಗೆ, ಮಳಿಗೆ, ಪ್ರಯೋಗಾಲಯದ ಖರ್ಚು ಎಲ್ಲ ಸರ್ಕಾರ ಕೊಡುತ್ತೆ, ಆದ್ರೆ ಪೆಟ್ಟಿಗೆಯೊಳಗೆ ಒಂದು ಎಲೆ ಸಿಕ್ಕಿದ್ರೂ ಆ ದೇಶದವರು ಅಷ್ಟೂ ಸರಕು ಸುಟ್ಟುಹಾಕ್ತಾರೆ, ಎಲೆ ಜೊತೆ ಹುಳ ಬರುತ್ತೆ ಅಂತ ಅವರಿಗೆ ಭಯ, ಅಂದರು. ಹಾಗೇನಾದ್ರೂ ಆದ್ರೆ ನಮ್ಮ ಹಣ್ಣಿಗೆ ಅಲ್ಲಿ ಬಾಗಿಲು ಮುಚ್ಚಿದ ಹಾಗೇ, ಎರಡನೇ ಮೇಳವೂ ಇಲ್ಲ, ನಿಮ್ಮಮ್ಮ ಮುಂದಿನ ವಿಮಾನಕ್ಕೇ ವಾಪಸ್ಸು, ಎಂದು ನನ್ನ ಕಡೆ ತಿರುಗಿದರು. ಹೆದರಿಸಲು ಹೇಳಿದ್ದು. ಯಾರಿಗೆ ಏನು ಹೇಳುತ್ತಿದ್ದೇನೆಂದು ಅವರಿಗೇನು ಗೊತ್ತು.

ಎಲೆಯಿಲ್ಲದೆ ನಮ್ಮವರ ಕೈ ಓಡುವುದಿಲ್ಲ. ಇಲ್ಲಿಯ ಮಾರುಕಟ್ಟೆಗೆ ಕಳಿಸುವಾಗ ಮೇಲಿನ ಸಾಲಿನ ಕೆಳಗೆ ಒಂದು ಹಸಿರೆಲೆ ಇಟ್ಟರೇನೇ ಈಗಷ್ಟೇ ಕಿತ್ತ ಹಣ್ಣು ಎಂದು ನಂಬುತ್ತಾರಲ್ಲ. ಚಿಕ್ಕಮ್ಮನ ಕೈ ಮತ್ತೆ ಮತ್ತೆ ಎಲೆಯ ಬುಟ್ಟಿಗೆ ಹೋಯಿತು. ಸಾಹೇಬರು ಬುಟ್ಟಿಯನ್ನೇ ಎತ್ತಿ ಹೊರಗಿಟ್ಟರು. ಆಮೇಲೂ ಕೈ ಅತ್ತಲೇ. ಏನು ಚಿಕ್ಕಮ್ಮ, ಗಾಳಿ ಕಿತ್ತು ಇಡ್ತಿದ್ದೀಯಾ, ಅಂದೆ. ಶೆಡ್ಡೆಲ್ಲ ನಕ್ಕಿತು. ನೀನಿದ್ದಿದ್ದರೆ ಎಲ್ಲರಿಗಿಂತ ತಡವಾಗಿ ನಗು ನಿಲ್ಲಿಸುತ್ತಿದ್ದೆ.

ನನ್ನ ಉತ್ತರ ಇದು: ಇರು. ಎರಡನೇ ಮೇಳ ಮುಗಿಸಿಯೇ ಬಾ. ಆದರೆ ಬೊಂಬೆಯ ಹಾಗೆ ನಿಂತಿರಬೇಡ, ಮಾತಾಡು. ಮಳೆ ತಡವಾದರೆ ಸಿಪ್ಪೆ ಏಕೆ ಬಿರಿಯುತ್ತದೆ, ಅವರು ಬಯಸುವ ಹೊಳಪಿಗೆ ಎಷ್ಟು ಹೆಂಗಸರ ಬೆರಳು ಸವೆಯುತ್ತದೆ, ನೀನೇ ಹೇಳು. ಭಾಷೆ ಬಲ್ಲವರನ್ನು ಮಳಿಗೆಯಲ್ಲಿ ಕೂರಿಸಿರುವುದು ಅದಕ್ಕೇ. ಆ ಶಾಲು ವಾಪಸ್ ಕೊಟ್ಟು, ಮೊಣಕೈಗೆ ತೇಪೆ ಹಾಕಿದ ನಿನ್ನ ನೀಲಿ ಸ್ವೆಟರನ್ನೇ ಹಾಕಿಕೋ. ಸರ್ಕಾರದ ನೆರವು ದಾನವಲ್ಲ, ನಮ್ಮ ಹಕ್ಕು. ಹಕ್ಕಿನ ಜಾಗವನ್ನು ಖಾಲಿ ಬಿಟ್ಟರೆ ಭಾವಮೈದ ಬಂದು ಕೂರುತ್ತಾನೆ. ಸಂಪೂರ್ಣವಾಗಿ ತತ್ವದ ದೃಷ್ಟಿಯಿಂದ ನಾನು ಈ ತೀರ್ಮಾನಕ್ಕೆ ಬಂದಿದ್ದೇನೆ. ಬೇರೆ ಕಾರಣವಿಲ್ಲ.

ಸರಕಿನ ಜೊತೆ ಹೊರಟಿರುವ ಸಾಹೇಬರ ಕೈಗೇ ಈ ಕಾಗದ ಕೊಡುತ್ತಿದ್ದೇನೆ. ದಾರಿಯಲ್ಲಿ ಒಡೆದು ಓದಿದರೆ ಓದಲಿ, ಅವರಿಗೂ ಒಳ್ಳೆಯದೇ.

ಬಿಸಿ ಬಿಸಿ ಊಟ ಮಾಡು. ಕಿವಿ ಮುಚ್ಚಿಕೊಂಡು ಹೊರಗೆ ಹೋಗು.

ನಿನ್ನ ಜಗಳಗಂಟಿ ಮಗಳು

ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ: ಕಾಗದದ ಹಿಂಬದಿ ತಿರುಗಿಸಿ ನೋಡು. ಎಲೆಯೊಂದನ್ನು ಇಟ್ಟು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದಿದ್ದೇನೆ. ಬೆಳಿಗ್ಗೆ ಆ ಎಲೆ ಒಂದು ಪೆಟ್ಟಿಗೆಯೊಳಗಿತ್ತು. ನಾನೇ ಇಟ್ಟೆ, ಚಿಕ್ಕಮ್ಮನ ಹಾಗೆ ಕೈ ಅಭ್ಯಾಸದಿಂದಲ್ಲ. ಮುಂದಿನ ವಿಮಾನಕ್ಕೇ ನೀನು ಬರುತ್ತೀಯಲ್ಲ ಅಂತ. ಮುಚ್ಚಳವನ್ನೂ ಹಾಕಿದೆ. ಟೇಪು ಹಚ್ಚುವಾಗ ಅಲ್ಲಿಂದ ಫೋನಿನಲ್ಲಿ ನೀನು ಹೇಳಿದ ಮಾತು ನೆನಪಾಯಿತು. ಇಲ್ಲಿ ನನ್ನದು ಅಂತ ಇರೋದು ಒಂದೇ ಕೆಲಸ, ಪೆಟ್ಟಿಗೆ ಬಿಚ್ಚೋದು, ಬಿಚ್ಚಿದ ತಕ್ಷಣ ನಮ್ಮ ಶೆಡ್ಡಿನ ವಾಸನೆ ಬರುತ್ತೆ ಕಣೇ, ಯಾರೂ ನೋಡದಾಗ ಎರಡೂ ಕೈ ಒಳಗಿಟ್ಟು ಸುಮ್ನೆ ನಿಂತಿರ್ತೀನಿ, ಅಂದಿದ್ದೆ. ಎಲೆ ಇದ್ದರೆ ಆ ಪೆಟ್ಟಿಗೆ ನಿನ್ನ ಕೈ ಸೇರದೆ ಬೆಂಕಿ ಸೇರುತ್ತಿತ್ತು. ಮುಚ್ಚಳ ತೆಗೆದೆ, ಎಲೆಯನ್ನೂ. ಚಿಕ್ಕಮ್ಮ ನೋಡಿದಳು, ಟೇಪು ಕೊಟ್ಟಳು. ತತ್ವ ಗಿತ್ವ ಏನೂ ಇರಲಿಲ್ಲ ಅಮ್ಮಾ. ಮೂಲೆಯ ಹಣ್ಣಿನ ಕಿರೀಟ ಒಳಮುಖವಾಗಿರುವ ಪೆಟ್ಟಿಗೆ ನನ್ನದು, ಅದನ್ನು ನೀನೇ ಬಿಚ್ಚು, ಕೈ ಸ್ವಲ್ಪ ಹೆಚ್ಚು ಹೊತ್ತು ಒಳಗಿಡು. ಎರಡನೇ ಮೇಳ ಮುಗಿಸಿ ನೀನು ವಾಪಸ್ ಬಂದಿಳಿಯುವಾಗ ವಿಮಾನ ನಿಲ್ದಾಣದ ಹೊರಬಾಗಿಲ ಎಡಗಡೆ, ನಿನ್ನ ಚಪ್ಪಲಿ ಹಾಕಿಕೊಂಡೇ ನಿಂತಿರುತ್ತೇನೆ. ಮುಂದಿನ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಆರೂವರೆಗೆ.