ಎರಡು ಮನೆಯ ಕೌದಿ

ಜೂನ್ 4, ಮಂಗಳವಾರ
ಪ್ರಾರ್ಥನೆ ಮುಗಿಸಿ ಕೌದಿಗೆ ಕೂತೆ. ಮಗಳು ಕೆಲಸಕ್ಕೆ, ಮೊಮ್ಮಗಳು ಗುಬ್ಬಿ ಶಾಲೆಗೆ. ಅವಳಿಗೆ ಚಿಕ್ಕದಾದ ಬಟ್ಟೆಗಳನ್ನೆಲ್ಲ ಚೌಕ ಚೌಕ ಕತ್ತರಿಸಿ ಜೋಡಿಸುತ್ತಿದ್ದೇನೆ — ತೊಟ್ಟಿಲ ಕಾಲದ ಅಂಗಿ, ಮೊಣಕಾಲು ಸವೆದ ಪ್ಯಾಂಟು, ಜೇಬಿನಲ್ಲಿ ಇಂಕು ಚೆಲ್ಲಿಕೊಂಡ ಫ್ರಾಕು.
ಮಗಳು ಅಳಿಯ ಬೇರೆಯಾಗಿ ವರ್ಷವಾಯಿತು. ಎರಡು ವಾರಕ್ಕೊಂದು ಶುಕ್ರವಾರ ಮಗು ಅಪ್ಪನ ಮನೆಗೆ ಹೋಗಬೇಕೆಂದು ಕೋರ್ಟೇ ಹೇಳಿದೆ. ಅಲ್ಲಿಗೆ ಹೋದ ದಿನ ರಾತ್ರಿ ಮಲಗುವುದಿಲ್ಲ. ಅಳುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ. ಹೀಗೇ ಆದರೆ ಕಳಿಸುವುದಿಲ್ಲ, ಮತ್ತೆ ಕೋರ್ಟಿಗೆ ಹೋಗುತ್ತೇನೆ ಅಂತ ಮಗಳ ಹಟ. ಮತ್ತೆ ಆ ಮೆಟ್ಟಿಲೇ? ಕೂಸನ್ನು ಆ ಕಡೆ ಈ ಕಡೆ ಎಳೆದಾಡುವುದೇ? ಬೇಡ ಭಗವಂತಾ. ಇದನ್ನು ಹೊದ್ದಾದರೂ ಮಲಗಲಿ.

ಜೂನ್ 9, ಭಾನುವಾರ
ಮೊನ್ನೆ ಶುಕ್ರವಾರವೂ ಅತ್ತಳಂತೆ. ಇವತ್ತು ಕೌದಿ ಮುಗಿಯಿತು, ಹರಡಿ ತೋರಿಸಿದೆ. ಗುಬ್ಬಿ ಮಂಡಿಯೂರಿ ಒಂದೊಂದೇ ಚೂರು ಮುಟ್ಟಿ ನೋಡಿದಳು.
"ಅಜ್ಜಿ, ಹಳದಿ ಆನೆ ಅಂಗಿ ಎಲ್ಲಿ?"
"ಅದು ಅಪ್ಪನ ಮನೇಲಿದೆ ಕಣೇ."
"ಹಾಗಾದ್ರೆ ಇದು ಅಮ್ಮನ ಮನೆ ಕೌದಿ. ಅಲ್ಲಿಗೆ ತಗೊಂಡು ಹೋದ್ರೆ ಅಪ್ಪಂಗೆ ಬೇಜಾರಾಗಲ್ವಾ?"
ಆರು ವರ್ಷದ ಕೂಸು. ಯಾರಿಗೆ ಬೇಜಾರಾದೀತೋ ಅಂತ ಯೋಚಿಸುತ್ತ ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು!

ಜೂನ್ 12
ಬೀಗಿತ್ತಿಗೆ ಫೋನ್ ಮಾಡಿದೆ. ಅಳಿಯನ ತಾಯಿ. ಮಕ್ಕಳು ಬೇರೆಯಾದ ಮೇಲೆ ನಮಗಿಬ್ಬರಿಗೂ ಮಾತಿರಲಿಲ್ಲ. ಮಗಳು ಸಿಡುಕಿದಳು.
"ಅವರ ಹತ್ರ ಬೇಡೋ ಗತಿ ಬಂತಾ ನಮಗೆ?"
"ಕೇಳ್ತಿರೋದು ಮಗೂದು ಹಳೇ ಅಂಗಿ ಕಣೇ, ಅವರ ಆಸ್ತಿ ಅಲ್ಲ."
ಅಲ್ಲಿರುವ ಗುಬ್ಬಿಯ ಹಳೇ ಬಟ್ಟೆಯನ್ನೆಲ್ಲ ಕೌದಿಗೆ ಕೊಡಿ ಅಂತ ಬೀಗಿತ್ತಿಯನ್ನು ಕೇಳಿದೆ. "ನೋಡ್ತೀನಿ" ಅಂದರು. ಅಷ್ಟೇ.

ಜೂನ್ 19
ಬೀಗಿತ್ತಿ ಬಂದರು. ತಾವೇ, ಬಸ್ಸಿನಲ್ಲಿ. ಚೀಲ ಬಿಚ್ಚಿ ನೋಡಿದೆ. ಎಲ್ಲ ಬಟ್ಟೆಯನ್ನೂ ಕತ್ತರಿಸಿ ತಂದಿದ್ದಾರೆ. ಅದೂ ದುಂಡಗೆ!
"ಇದೇನ್ರೀ ಬೀಗಿತ್ತಿ, ಬಟ್ಟೆ ಕೇಳಿದ್ರೆ ಚಂದಮಾಮನ್ನ ತಂದಿದೀರಾ?"
"ನಿಮಗೆ ಕೆಲಸ ಕಮ್ಮಿ ಆಗ್ಲಿ ಅಂತ... ನೆಟ್ಟಗೆ ಕತ್ತರಿಸೋಕೆ ಹೋದ್ರೆ ನನ್ನ ಕತ್ತರಿ ವಾರೆ ಓಡುತ್ತೆ. ಅದಕ್ಕೇ ಬಟ್ಟಲು ಬೋರಲಿಟ್ಟು ಗೆರೆ ಎಳೆದೆ."
"ದುಂಡಗಿರೋದನ್ನ ಒಂದಕ್ಕೊಂದು ಹೇಗೆ ಜೋಡಿಸ್ಲಿ?"
ಅವರ ಮುಖ ಸಪ್ಪಗಾಯಿತು. ಹಳದಿ ಅಂಗಿಯ ಆನೆಗೆ ಸೊಂಡಿಲೂ ಇಲ್ಲ, ಬಟ್ಟಲಿನಿಂದಾಚೆ ಉಳಿಯಿತಂತೆ! ಸಿಟ್ಟು ನೆತ್ತಿಗೇರಿತ್ತು, ಅದರ ಹಿಂದೆಯೇ ನಗು ಬಂತು. ಅವರೂ ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದರು.
ಕೊನೆಗೆ ನನ್ನ ಚೌಕಗಳ ಮೂಲೆಗಳು ಕೂಡುವ ಕಡೆಯೆಲ್ಲ ಅವರ ದುಂಡು ಚೂರು ಇಟ್ಟು, ಅಂಚು ಮಡಚಿ, ಮೇಲಿಂದ ಹೊಲಿದೆವು. ಮಗಳು ಕೆಲಸದಿಂದ ಬಂದವಳು ನೇರ ಒಳಗೆ ಹೋದಳು. ಚಹಾ ಮಾತ್ರ ಅವರಿಗೂ ಸೇರಿಸಿ ಇಟ್ಟಳು.

ಜೂನ್ 21, ಶುಕ್ರವಾರ
ಗುಬ್ಬಿ ಕೌದಿ ತಬ್ಬಿಕೊಂಡು ಅಪ್ಪನ ಮನೆಗೆ ಹೋದಳು. ಅವಳಿಗಿಂತ ಗಂಟೇ ದೊಡ್ಡದು. ಸೊಂಡಿಲಿಲ್ಲದ ಆನೆ ನೀರು ಹೇಗೆ ಕುಡಿಯುತ್ತದೆ — ಅದೊಂದೇ ಚಿಂತೆ ಅವಳಿಗೆ. ಮಗಳು ಊಟ ಬೇಡ ಅಂದಳು.

ಜೂನ್ 22, ಬೆಳಿಗ್ಗೆ
ಬೀಗಿತ್ತಿಯ ಫೋನ್. ಮಗಳಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.
"ಮಲಗಿದ್ಲು ಕಣ್ರೀ! ಹಾಸಿಗೆನೂ ಒದ್ದೆ ಆಗಿಲ್ಲ. ಇನ್ನೂ ಎದ್ದಿಲ್ಲ ನೋಡಿ. ಒಂದು ಸಲಾನೂ ಅಮ್ಮನ್ನ ಕೇಳ್ಲಿಲ್ಲ."
ಖುಷಿಯಲ್ಲಿ ಅಂದ ಮಾತು. ಮಗಳು ಬಾಚಣಿಗೆ ಹಿಡಿದು ಹಾಗೇ ನಿಂತಳು.
"ಒಳ್ಳೇದಾಯ್ತಲ್ಲಮ್ಮ" ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.
ಒಳ್ಳೆಯದೇ ಆಯಿತು, ದೇವರು ದೊಡ್ಡವನು. ಆದರೂ ಹೆತ್ತವಳು. ಮಗು ತನ್ನನ್ನು ಕೇಳಲಿಲ್ಲ ಅನ್ನುವುದು ಸುಲಭಕ್ಕೆ ಗಂಟಲಲ್ಲಿ ಇಳಿಯುತ್ತದೆಯೇ? ಕೆಲಸಕ್ಕೆ ಹೊತ್ತಾಯಿತು ಅಂತಲೂ ಕರೆಯಲಾರೆ. ಬರೆದದ್ದು ಸಾಕು, ಬಾಗಿಲು ತಟ್ಟಿ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ.